ಯಾರೂ ಟೇಪು ಹಿಡಿಯದ ಮಳೆಗಾಲ

ಅವತ್ತು ಸಂಜೆ ಷಡಕ್ಷರಿಯ ಕೈಯಲ್ಲಿ ದೋಟಿ ಇತ್ತೋ ಇಲ್ಲವೋ, ಈಗ ನನಗೆ ಖಚಿತವಿಲ್ಲ. ಇತ್ತು ಎಂದೇ ಇಷ್ಟು ವರ್ಷ ಅಂದುಕೊಂಡು ಬಂದಿದ್ದೇನೆ. ಕಾಲೇಜಿನ ಮೊದಲ ಮಹಡಿಯ ಕಿಟಕಿ, ಹೊರಗೆ ಜಿಟಿಜಿಟಿ ಮಳೆ, ಬಾಸ್ಕೆಟ್‌ಬಾಲ್ ಕೋರ್ಟಿನ ಕಂಬದ ಕೆಳಗೆ ಒಬ್ಬನೇ ನಿಂತ ಎತ್ತರದ ಮನುಷ್ಯ, ಅವನ ಕೈಯಲ್ಲಿ ತೆಂಗಿನಕಾಯಿ ಕೀಳುವ ಉದ್ದನೆಯ ಬಿದಿರಿನ ದೋಟಿ. ಚಿತ್ರ ಇಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಕಣ್ಣಿಗೆ ಕಟ್ಟಿದಂತಿರುವ ನೆನಪು ನಿಜವೇ ಆಗಿರಬೇಕೆಂದಿಲ್ಲ. ಮತ್ತೆ ಮತ್ತೆ ತೆಗೆದು ಒರೆಸಿಟ್ಟದ್ದರಿಂದಲೂ ಅದಕ್ಕೆ ಹೊಳಪು ಬಂದಿರಬಹುದು. ಉಮಕ್ಕನನ್ನು ಕೇಳಿದರೆ, ಆ ದಿನ ಷಡಕ್ಷರಿ ಕೋರ್ಟಿನ ಕಡೆ ಬಂದೇ ಇರಲಿಲ್ಲ ಅನ್ನುತ್ತಾಳೆ.

ಈ ವರ್ಷ ಪರೀಕ್ಷೆಯ ಕೆಲಸಕ್ಕೆಂದು ತಿಪಟೂರಿಗೆ ಹೋಗಿದ್ದೆ. ಕೊಬ್ಬರಿ ಮಂಡಿಗಳ ಸಾಲು ದಾಟುವಾಗ ಮಳೆ ಬಂದು ಆಗತಾನೇ ನಿಂತಿತ್ತು. ನೆನೆದ ಗೋಣಿಚೀಲದ ವಾಸನೆ, ಅದರೊಳಗಿಂದ ಕೊಬ್ಬರಿಯ ಜಿಡ್ಡು ವಾಸನೆ, ಎಲ್ಲೋ ಚಿಪ್ಪು ಉರಿಸಿದ ಹೊಗೆ. ಮೂಗಿಗೆ ಅದು ಬಡಿದದ್ದೇ ತಡ, ಕೆಲವು ವರ್ಷಗಳ ಹಿಂದಿನ ಒಂದೇ ಒಂದು ಮಳೆಗಾಲ ಇಡಿಯಾಗಿ ಆ ಬೀದಿಯಲ್ಲಿ ನಿಂತಿತ್ತು.

ಆ ವರ್ಷ ನಾನು ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಬಂದು ತಿಪಟೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ನಮ್ಮೂರು ದಬ್ಬೇಘಟ್ಟ. ದಿನಾ ಓಡಾಡುವುದು ಬೇಡವೆಂದು ದೊಡ್ಡಪ್ಪನ ಮಗಳು ಉಮಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಉಳಿದುಕೊಂಡಿದ್ದೆ. ಉಮಕ್ಕ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ಕೊರಳಲ್ಲಿ ಸೀಟಿ, ಸ್ಕೂಟರಿನ ಡಿಕ್ಕಿಯಲ್ಲಿ ಅಳತೆಯ ಟೇಪು ಇಲ್ಲದೆ ಅವಳು ಹೊರಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಷಡಕ್ಷರಿ ಅದೇ ಕಾಲೇಜಿನಲ್ಲಿ ಪಿಯುಸಿಗೆ ನನ್ನ ಜೊತೆ ಓದಿದವನು. ಆಗ ಊರಿಗೇ ಹೆಸರಾದ ಬಾಸ್ಕೆಟ್‌ಬಾಲ್ ಆಟಗಾರ. ಈಗ ಅಪ್ಪನ ಕೊಬ್ಬರಿ ಮಂಡಿ ನೋಡಿಕೊಳ್ಳುತ್ತಿದ್ದ. ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ.

ನಾವು ಮೂವರೂ ಸೇರಿ ಆ ಮಳೆಗಾಲ ಮಾಡಿದ ಕೆಲಸ ಹೇಳಿದರೆ ನಗುವವರೇ ಹೆಚ್ಚು. ಇಲ್ಲದ ಆಟಗಾರರ ಆಟಕ್ಕೆ ನಾವು ನಿಯಮ ಬರೆಯುತ್ತಿದ್ದೆವು. ಅದೊಂದು ಆನ್‌ಲೈನ್ ಬಾಸ್ಕೆಟ್‌ಬಾಲ್ ಲೀಗ್. ಅದರಲ್ಲಿ ಯಾರೂ ಚೆಂಡು ಮುಟ್ಟುವುದಿಲ್ಲ. ಒಬ್ಬೊಬ್ಬರೂ ಒಂದು ತಂಡದ ಮ್ಯಾನೇಜರ್. ಆಟಗಾರರೆಂದರೆ ಬರೀ ಹೆಸರು ಮತ್ತು ಅಂಕಿ: ಇವನ ಜಿಗಿತ ಇಷ್ಟು, ಗುರಿ ಇಷ್ಟು, ದಮ್ಮು ಇಷ್ಟು. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಮ್ಯಾನೇಜರ್‌ಗಳು ಹೇಳಿ ಕಳಿಸುತ್ತಾರೆ. ಭಾನುವಾರ ಸಂಜೆ ನಾನು ಬರೆದ ಪ್ರೋಗ್ರಾಂ ಆ ಅಂಕಿಗಳನ್ನೂ ಒಂದಿಷ್ಟು ಅದೃಷ್ಟವನ್ನೂ ಕಲಸಿ ಪಂದ್ಯದ ಫಲಿತಾಂಶ ಕೊಡುತ್ತದೆ. ಷಡಕ್ಷರಿಯದೂ ಒಂದು ತಂಡವಿತ್ತು. ಮಂಡ್ಯ, ಹಾಸನ, ದಾವಣಗೆರೆ ಕಡೆಯ ಹತ್ತಾರು ಜನ ಲೀಗಿನಲ್ಲಿದ್ದರು. ಅವರ ಮುಖ ನಾವು ನೋಡಿರಲಿಲ್ಲ. ಲೀಗು ಶುರುವಾದ ಮೇಲೆ ಎಲ್ಲರದ್ದೂ ಒಂದೇ ದೂರು, ಇದು ನಿಜದ ಆಟದಂತಿಲ್ಲ. ಹಾಗಾಗಿ ನಿಯಮಗಳನ್ನು ತಿದ್ದುವ ಕೆಲಸ ನಮ್ಮ ಮೂವರ ಪಾಲಿಗೆ ಬಂತು.

ಸಂಜೆ ಮಂಡಿಯ ವ್ಯಾಪಾರ ಮುಗಿದ ಮೇಲೆ ಚೀಲಗಳ ಮೇಲೆ ಕೂರುತ್ತಿದ್ದೆವು. ತಗಡಿನ ಮೇಲೆ ಮಳೆ ಸುರಿಯುತ್ತಿದ್ದರೆ ಕೂಗಿಯೇ ಮಾತಾಡಬೇಕು. ಆ ವರ್ಷ ಮಳೆ ಜೋರಾಗಿ ಬಂದು ಹೋಗುವ ಜಾತಿಯದಾಗಿರಲಿಲ್ಲ. ದಿನಗಟ್ಟಲೆ ಮೋಡ, ಬೂದಿ ಬಣ್ಣದ ಬೆಳಕು, ಒಣಗದ ಬಟ್ಟೆ. ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆಂದು ಷಡಕ್ಷರಿಯ ಅಪ್ಪ ಒಳಗೆ ಗೊಣಗುತ್ತಿರುತ್ತಿದ್ದರು.

ಮೊದಲ ಒಳ್ಳೆಯ ನಿಯಮ ಹುಟ್ಟಿದ್ದು ಅಲ್ಲೇ. ಹೊಸ ಆಟಗಾರ ಮುಂದೆ ಎಷ್ಟು ಬೆಳೆಯಬಲ್ಲ ಎಂಬ ಅಂಕಿಯನ್ನು ನಾನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಷಡಕ್ಷರಿ ಮೂಲೆಯಿಂದ ಒಂದು ಒಣ ಕಾಯಿ ತಂದು ನನ್ನ ಕಿವಿಯ ಪಕ್ಕ ಅಲ್ಲಾಡಿಸಿದ. ಒಳಗೆ ಗೊಟಗೊಟ ಎಂದಿತು.

"ಒಳಗೆ ಏನೈತೆ ಹೇಳ್ಲಾ ಚಂದ್ರು."

"ಕೊಬ್ಬರಿ."

"ಒಳ್ಳೇದೋ ಕೊಳೆತಿದ್ದೋ?"

"ಒಡೆದು ನೋಡ್ಬೇಕು."

"ಹಂಗೇ ಮತ್ತೆ. ವರ್ಷಪೂರ್ತಿ ಅಟ್ಟದ ಮೇಲೆ ಇಟ್ಟು ಕಾಯ್ತೀವಿ. ಮುಂಚೆ ಒಡುದ್ರೆ ಹಸಿ. ಇಟ್ಟಿದ್ದೆಲ್ಲ ಒಳ್ಳೇದಾಯ್ತದೆ ಅಂತಾನೂ ಇಲ್ಲ. ನಮ್ಮಪ್ಪಂಗೇ ನಾಲ್ಕರಲ್ಲಿ ಒಂದು ತಪ್ತದೆ. ನೀನು ನೋಡುದ್ರೆ ಹುಡುಗ್ರ ಹಣೆ ಮೇಲೇ ಬರ್ದು ಕೂರ್ಸಿದ್ದೀಯ."

ಉಮಕ್ಕ ನಕ್ಕಳು. "ನಿನ್ನೂ ಅಟ್ಟದ ಮೇಲೆ ಮರ್ತು ಬುಟ್ಟವ್ರೆ ಕಣೋ ಷಡಕ್ಷರಿ, ಇಳ್ಸೋರಿಲ್ಲ."

ಅವನೂ ನಕ್ಕ. ನಕ್ಕನೆಂದು ನನ್ನ ನೆನಪು. ಬೆಳೆಯುವ ಅಂಕಿಯನ್ನು ಬಚ್ಚಿಟ್ಟೆ. ಹೊಸಬನನ್ನು ಒಂದು ಋತು ಕೂರಿಸಿದರೆ ಮಾತ್ರ ಅವನು ಗಟ್ಟಿಯಾಗುವ ಸಂಭವ ಹೆಚ್ಚು, ಒಳಗೇ ಕೆಡುವ ಸಂಭವವೂ ಇದ್ದದ್ದೇ ಎಂದು ಬರೆದೆ. ಮ್ಯಾನೇಜರ್‌ಗಳ ಮೊಬೈಲ್ ಗ್ರೂಪಿನಲ್ಲಿ ಅದಕ್ಕೆ 'ಅಟ್ಟದ ನಿಯಮ' ಎಂದೇ ಹೆಸರು ಬಿತ್ತು. ಆಮೇಲೆ ಬಸ್ಸಿನ ನಿಯಮ ಬಂತು. ದೂರದೂರಿಗೆ ಹೋಗಿ ಆಡುವ ತಂಡದ ದಮ್ಮು ಕಡಿಮೆಯಾಗಬೇಕು. ಇದು ಉಮಕ್ಕನ ಹಟ. ನಿಂತುಕೊಂಡೇ ಪ್ರಯಾಣ ಮಾಡಿ ಮಧ್ಯಾಹ್ನದ ಬಿಸಿಲಲ್ಲಿ ಆಡಿದ ಹುಡುಗಿಯರನ್ನು ಅವಳು ಕಂಡಿದ್ದಳು.

ಮೂರನೆಯ ನಿಯಮ ಷಡಕ್ಷರಿಯದು. ನನ್ನ ಕಥೆ ಇರುವುದು ಅದರಲ್ಲಿ.

ಅವನ ಕಾಲಿನ ಸಂಗತಿ ಊರಿಗೆಲ್ಲ ಗೊತ್ತಿತ್ತು. ಡಿಗ್ರಿಯಲ್ಲಿದ್ದಾಗ ರಾಜ್ಯ ತಂಡದ ಆಯ್ಕೆಗೆಂದು ಬೆಂಗಳೂರಿಗೆ ಹೋಗಿದ್ದ. ನಮ್ಮ ಕೋರ್ಟಿನಲ್ಲಿ ಓಡಿಬಂದು ಜಿಗಿದು ರಿಂಗನ್ನು ಎರಡು ಕೈಯಲ್ಲಿ ಹಿಡಿದು ಜೋತಾಡುತ್ತಿದ್ದವನು ಅವನೊಬ್ಬನೇ. ಆಯ್ಕೆ ಮಾಡುವವರ ಮುಂದೆಯೂ ಹಾಗೇ ಜಿಗಿದ. ಕೈಗೆ ರಿಂಗು ಸಿಗಲಿಲ್ಲ. ಕೆಳಗೆ ಬರುವಾಗ ಮೊಣಕಾಲು ತಿರುಚಿಕೊಂಡಿತು. ಅಲ್ಲಿಗೆ ಆಟ ಮುಗಿಯಿತು.

"ಅಲ್ಲಿ ರಿಂಗು ಮೇಲಿತ್ತು ಕಣ್ಲಾ," ಅನ್ನುತ್ತಿದ್ದ, ಕೇಳಿದವರಿಗೂ ಕೇಳದವರಿಗೂ. "ನಮ್ದು ತಗ್ಗು. ನಾವು ಪಿಯುಸಿಗೆ ಸೇರಿದ್ ವರ್ಷ ಹಳೇ ನೆಲದ ಮೇಲೇ ಹೊಸ ಕಾಂಕ್ರೀಟ್ ಸುರುದ್ರಲ್ಲ, ಅರ್ಧ ಗೇಣು. ಕಂಬ ಅಲ್ಲೇ ಇತ್ತು, ನೆಲ ಮೇಲಕ್ ಬಂತು. ತಗ್ಗು ರಿಂಗಿಗೆ ಕೈ ಪಳಗ್ಬುಡ್ತು. ಅಲ್ಲಿ ಹೋಗಿ ಅದೇ ಲೆಕ್ಕದಲ್ಲಿ ಎಗುರ್ದೆ."

ಇದು ಅವನ ಬದುಕಿನ ವಿವರಣೆ. ಮಂಡಿಯಲ್ಲಿ ಕೂತ ಅವನನ್ನು ನೋಡಿ ಅಯ್ಯೋ ಅನ್ನುವ ಪ್ರತಿಯೊಬ್ಬನಿಗೂ ಅವನು ಕೊಡುತ್ತಿದ್ದ ಉತ್ತರ. ಅದನ್ನೇ ಲೀಗಿನ ನಿಯಮ ಮಾಡಬೇಕೆಂದು ಅವನ ಆಸೆ. ಒಂದೊಂದು ಕೋರ್ಟಿಗೂ ಒಂದೊಂದು ಗುಣ ಇರಬೇಕು. ತವರು ಕೋರ್ಟಿನಲ್ಲಿ ಗಳಿಸಿದ ಅಂಕಿ ಬೇರೆಡೆಗೆ ಹೋದಾಗ ಕಡಿತವಾಗಬೇಕು. ಅದಕ್ಕೆ 'ನೆಲದ ನಿಯಮ' ಎಂದು ಹೆಸರನ್ನೂ ಇಟ್ಟಿದ್ದ.

"ರಿಂಗು ಎಲ್ಲಾ ಕಡೆ ಹತ್ತಡೀನೇ," ಅಂದೆ ನಾನು. "ಅದು ರೂಲು."

"ಪುಸ್ತಕದಾಗೆ ಇರ್ತದೆ ಬುಡಪ್ಪ ಹತ್ತಡಿ. ನೀನು ಯೂನಿವರ್ಸಿಟೀಲಿ ಓದ್ದೋನು, ಪುಸ್ತಕ ನಂಬ್ತೀಯ. ನಿಜದಂಗೆ ಇರ್ಬೇಕು ಅಂದೋನು ನೀನೇ ತಾನೆ?"

ಉಮಕ್ಕನ ಟೇಪು ಹೊರಗೆ ನಿಂತ ಸ್ಕೂಟರಿನಲ್ಲಿತ್ತು. ಕೋರ್ಟು ಮಂಡಿಯಿಂದ ನಡೆದು ಹೋಗುವಷ್ಟು ಹತ್ತಿರ. ಅಳೆದರೆ ಐದು ನಿಮಿಷದ ಕೆಲಸ. ಪುಸ್ತಕವಾಗಲಿ ಮಾತಾಗಲಿ, ಕಣ್ಣಾರೆ ನೋಡದೆ ಒಪ್ಪದ ಸ್ವಭಾವ ನನ್ನದು. ಆದರೂ ನನ್ನ ಬಾಯಿಂದ ಆ ಮಾತು ಬರಲಿಲ್ಲ. ಉಮಕ್ಕನೂ ಅನ್ನಲಿಲ್ಲ. ರಿಂಗು ನಿಜವಾಗಿ ತಗ್ಗಿದ್ದರೆ ಸರಿ. ಇಲ್ಲದಿದ್ದರೆ ಷಡಕ್ಷರಿ ಬರೀ ಎಗರಲಾರದೆ ಬಿದ್ದವನು. ಎಗರಲಾರದ್ದು ಒಂದು ದಿನದ ಮಟ್ಟಿಗೋ, ಯಾವತ್ತೂ ಅಷ್ಟೆಯೋ, ಯಾರು ಹೇಳಬೇಕು. ಅವನು ನೆಚ್ಚಿಕೊಂಡಿದ್ದು ಆ ಅರ್ಧ ಗೇಣನ್ನು.

ಇದು ಬರೀ ಲೀಗಿನ ಮಾತಾಗಿದ್ದರೆ ಹಾಗೇ ನಡೆದುಹೋಗುತ್ತಿತ್ತೇನೋ. ಆದರೆ ಆ ಮಳೆಗಾಲ ಉಮಕ್ಕ ತನ್ನ ಶಾಲೆಯ ಹುಡುಗಿಯರಿಗೆ ಆಟ ಕಲಿಸಲು ಅವನನ್ನು ಒಪ್ಪಿಸಿದ್ದಳು. ಮಳೆ ಬಿಟ್ಟ ಸಂಜೆಗಳಲ್ಲಿ ಕಾಲೇಜಿನ ಕೋರ್ಟಿಗೆ ಅವರು ಬರುತ್ತಿದ್ದರು. ಷಡಕ್ಷರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತಿದ್ದ. ಅವನು ಅಷ್ಟು ಗೆಲುವಾಗಿದ್ದದ್ದನ್ನು ನಾನು ಕಾಲೇಜು ಬಿಟ್ಟ ಮೇಲೆ ಕಂಡಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ, ರಿಂಗಿಗಿಂತ ಅರ್ಧ ಗೇಣು ಎತ್ತರದಲ್ಲಿ, ಸುಣ್ಣದಿಂದ ಒಂದು ಗೆರೆ ಎಳೆಸಿದ.

"ಇದು ನಮ್ಮೂರ ರಿಂಗು, ಇದ್ನ ನಂಬಬ್ಯಾಡಿ. ಬೇರೆ ಊರಲ್ಲಿ ರಿಂಗು ಇರೋದು ಆ ಗೆರೆ ಮಟ್ಟಕ್ಕೆ. ಕಣ್ಣು ಗೆರೆ ಮೇಲಿರ್ಲಿ. ಚೆಂಡು ಗೆರೆ ದಾಟಿ ಇಳೀಬೇಕು."

ಹುಡುಗಿಯರು ತಿಂಗಳುಗಟ್ಟಲೆ ಸುಣ್ಣದ ಗೆರೆಗೆ ಎಸೆದರು. ತನಗಾದದ್ದು ಇವರಿಗೆ ಆಗಬಾರದೆಂದು ಅವನು ತೋರಿದ ಜಾಗ್ರತೆ ಅದು. ಮಳೆಗೆ ಗೆರೆ ಕರಗಿದಾಗಲೆಲ್ಲ ಮತ್ತೆ ಬಳಿಸುತ್ತಿದ್ದ.

ಪಂದ್ಯ ನಡೆದದ್ದು ತುರುವೇಕೆರೆಯಲ್ಲಿ. ಉಮಕ್ಕ, ಷಡಕ್ಷರಿ, ನಾನು, ಹುಡುಗಿಯರು, ಎಲ್ಲ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ತೆಂಗಿನ ತೋಟಗಳ ಬುಡದಲ್ಲಿ ಕೆಂಪು ನೀರು ನಿಂತಿತ್ತು. ಹುಡುಗಿಯರು ಹಾಡಿಕೊಂಡೇ ಬಂದರು. ಆಟ ಶುರುವಾದಾಗ ಸಣ್ಣಗೆ ಹನಿಯುತ್ತಿತ್ತು. ನಮ್ಮವರು ಓಡಿದರು, ಚೆಂಡು ಕಿತ್ತುಕೊಂಡರು, ಚೆನ್ನಾಗಿಯೇ ಪಾಸು ಮಾಡಿದರು. ಎಸೆದದ್ದು ಮಾತ್ರ ಬೋರ್ಡಿನ ಮೇಲ್ಭಾಗಕ್ಕೆ ಬಡಿದು ವಾಪಸ್ಸು ಬರುತ್ತಿತ್ತು. ಒಂದಾದ ಮೇಲೆ ಒಂದು, ಎಲ್ಲವೂ ಅಲ್ಲೇ. ಬಿಡುವಿನಲ್ಲಿ ಒಬ್ಬಳು ನೀರು ಕುಡಿಯುತ್ತ ಕೇಳಿದಳು, "ಸಾರ್, ಗೆರೆ ಎಲ್ಲೈತೆ ಅಂತ ಅಂದ್ಕೊಂಡು ಹಾಕ್ಬೇಕು ಇಲ್ಲಿ?"

ಉಮಕ್ಕ ಸೀಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದಳು. "ಇಲ್ದೇ ಇರೋ ರಿಂಗಿಗೆ ಹಾಕ್ತಾವೆ ಕಣೋ ನಮ್ಮ ಮಕ್ಳು."

ಷಡಕ್ಷರಿಗೆ ಕೇಳಿಸಿತೆಂದು ಕಾಣುತ್ತದೆ. ಯಾರ ಮುಖವನ್ನೂ ನೋಡದೆ, "ಇಲ್ಲೀದೂ ತಗ್ಗೇ ಇರ್ಬೇಕು," ಅಂದ.

ಸೋತೆವು. ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಷಡಕ್ಷರಿ ಕಿಟಕಿಗೆ ತಲೆಯಾನಿಸಿ ಕೂತಿದ್ದ. ತಿಪಟೂರಲ್ಲಿ ಇಳಿದ ಮೇಲೆ ಉಮಕ್ಕ ಸ್ಕೂಟರಿನ ಹತ್ತಿರ ಹೋಗಿ ಡಿಕ್ಕಿ ತೆಗೆದಳು. ಮತ್ತೆ ಮುಚ್ಚಿದಳು. "ಮಳೆ ಬತ್ತದೆ, ನಡೀರಿ," ಅಂದಳು.

ಅದೇ ವಾರ ಗ್ರೂಪಿನಲ್ಲಿ ನೆಲದ ನಿಯಮ ಓಟಿಗೆ ಬಂತು. ದಾವಣಗೆರೆಯ ಒಬ್ಬ ಮ್ಯಾನೇಜರ್, ಷಡಕ್ಷರಿಯ ಕಾಲಿನ ವಿಷಯ ಏನೂ ಗೊತ್ತಿಲ್ಲದವನು, ನ್ಯಾಯವಾದ ಒಂದು ಪ್ರಶ್ನೆ ಕೇಳಿದ. ನಿಮ್ಮ ರಿಂಗು ಎಷ್ಟು ಇಂಚು ಕಡಿಮೆ ಇದೆ? ಸಂಖ್ಯೆ ಕೊಡಿ, ಓಟು ಹಾಕುತ್ತೇವೆ. ಪ್ರೋಗ್ರಾಮಿಗೂ ಸಂಖ್ಯೆ ಬೇಕೇ ಬೇಕು. ಅರ್ಧ ಗೇಣು ಎಂದು ಬರೆದರೆ ಅದಕ್ಕೆ ತಿಳಿಯುವುದಿಲ್ಲ. ನಾನು ಏನು ಬರೆಯಲಿ ಎಂದು ತಡವರಿಸುತ್ತಿದ್ದಾಗ ಮಂಡಿಯಲ್ಲಿ ಷಡಕ್ಷರಿಯೇ ಮಾತು ತೆಗೆದ.

"ನಾನೇ ನೋಡಿ ಹೇಳ್ತೀನಿ."

"ಟೇಪು ಕೊಡ್ಲಾ?" ಅಂದಳು ಉಮಕ್ಕ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಬ್ಯಾಡ ಬುಡು. ನಮ್ಮಲ್ಲಿ ಅಳಿಯಕ್ಕೆ ಏನಾದ್ರೂ ಇರ್ತದೆ."

ನಾನು ಕಿಟಕಿಯಿಂದ ನೋಡಿದ್ದು, ನೋಡಿದೆನೆಂದು ಅಂದುಕೊಂಡದ್ದು, ಇದಾದ ಮೇಲಿನ ಒಂದು ಸಂಜೆ. ತರಗತಿ ಮುಗಿಸಿ ಸ್ಟಾಫ್ ರೂಮಿನಲ್ಲಿದ್ದೆ. ಹೊರಗೆ ಬೆಳಕು ಮಬ್ಬಾಗಿತ್ತು. ಅವನು ದೋಟಿಯನ್ನು ರಿಂಗಿಗೆ ತಾಗಿಸಿ ನೇರ ನಿಲ್ಲಿಸಿದ. ಕೈಯಿಂದ ಒಂದು ಕಡೆ ಹಿಡಿದು ಗುರುತು ಮಾಡಿಕೊಂಡ. ದೋಟಿಯನ್ನು ನೆಲಕ್ಕೆ ಮಲಗಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗೇಣು ಹಾಕಿದ. ಆ ಮೊಣಕಾಲಿಗೆ ಕುಕ್ಕರಗಾಲು ಆಗುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದಲೇ ಇದನ್ನು ನಾನು ಪೂರ್ತಿ ನಂಬಲಾರೆ. ಪಕ್ಕದ ತೋಟದ ಕಾವಲಿನವನು ಬೋರ್ಡಿಗೆ ಸಿಕ್ಕಿಹಾಕಿಕೊಂಡ ತೆಂಗಿನ ಗರಿ ಎಳೆಯಲು ಬಂದಿದ್ದಿರಬಹುದು. ಮಬ್ಬಿನಲ್ಲಿ ಎತ್ತರದವರೆಲ್ಲ ಒಂದೇ ಥರ ಕಾಣುತ್ತಾರೆ.

ಮಾರನೆಯ ದಿನ ಗ್ರೂಪಿನಲ್ಲಿ ಅವನ ಸಂದೇಶ ಇತ್ತು. ನೆಲದ ನಿಯಮ ಬೇಡ, ವಾಪಸ್ ತಗೋತೀನಿ. ಅಷ್ಟೇ. ಕಾರಣ ಬರೆದಿರಲಿಲ್ಲ. ದಾವಣಗೆರೆಯವನು ಹೆಬ್ಬೆರಳೆತ್ತಿದ ಚಿತ್ರ ಹಾಕಿದ್ದ.

ಆ ಸಂಜೆ ಮಂಡಿಗೆ ಹೋದೆವು. ಷಡಕ್ಷರಿ ಚೀಲ ಹೊಲಿಸುವುದರಲ್ಲಿದ್ದ. ಕೂರಿ ಅನ್ನಲಿಲ್ಲ.

"ಯಾಕ್ಲಾ ವಾಪಸ್ ತಗೊಂಡೆ?" ಎಂದೆ.

"ಹೋಗ್ಲಿ ಬುಡ್ಲಾ. ಇಲ್ದೇ ಇರೋ ಆಟಕ್ಕೆ ಯಾವ ನೆಲ ಆದ್ರೇನು."

"ರಿಂಗು ಅಳುದ್ಯಾ?" ಇದನ್ನು ನಾನು ಕೇಳಿದೆನೋ, ಕೇಳಬೇಕೆಂದುಕೊಂಡು ನುಂಗಿಕೊಂಡೆನೋ, ಅದೂ ಈಗ ಗೊತ್ತಿಲ್ಲ. ಉತ್ತರ ನೆನಪಿಲ್ಲ ಎನ್ನುವುದಷ್ಟೇ ನಿಜ.

ಹುಡುಗಿಯರಿಗೆ ಕಲಿಸಲು ಅವನು ಮತ್ತೆ ಬರಲಿಲ್ಲ. ಕೆಲವು ಸಂಜೆ ಅವರು ಬಂದು ಖಾಲಿ ಕುರ್ಚಿಯ ಸುತ್ತ ನಿಂತು ಕಾದರು. ಉಮಕ್ಕ ಒಂದು ದಿನ ಒದ್ದೆ ಬಟ್ಟೆಯಿಂದ ಬೋರ್ಡಿನ ಗೆರೆ ಒರೆಸಿ, "ಇನ್ಮೇಲೆ ರಿಂಗು ನೋಡಿ ಹಾಕ್ರವ್ವ," ಅಂದಳು. ಲೀಗಿನಲ್ಲಿ ಅವನು ತಂಡ ಕಳಿಸುವುದನ್ನೂ ನಿಲ್ಲಿಸಿದ. ಮ್ಯಾನೇಜರ್ ಸುದ್ದಿಯಿಲ್ಲದಿದ್ದರೆ ಪ್ರೋಗ್ರಾಂ ತಾನೇ ಆಟಗಾರರನ್ನು ಆರಿಸುವಂತೆ ನಾನು ಬರೆದಿದ್ದೆ. ಯಾರೂ ನೋಡದ ಅವನ ತಂಡ ಪ್ರತಿ ಭಾನುವಾರ ತನ್ನಷ್ಟಕ್ಕೆ ಆಡುತ್ತ ಹೋಯಿತು. ಅವನಿದ್ದಾಗ ಗೆದ್ದದ್ದಕ್ಕಿಂತ ಹೆಚ್ಚು ಗೆದ್ದಿತು. ಆ ಫಲಿತಾಂಶಗಳನ್ನು ಗ್ರೂಪಿಗೆ ಹಾಕಲು ನನಗೆ ಕೈ ಬರುತ್ತಿರಲಿಲ್ಲ. ಅವಧಿ ಮುಗಿದು ನಾನು ತಿಪಟೂರು ಬಿಟ್ಟೆ. ಮುಂದಿನ ಋತು ಶುರುವಾಗುವ ಮೊದಲೇ ಲೀಗೂ ನಿಂತಿತು.

ಈ ಸಲ ಹೋದಾಗ ಮಂಡಿಯ ಮುಂದೆ ಷಡಕ್ಷರಿ ಸಿಕ್ಕ. ಮೈ ತುಂಬಿದೆ, ಮೀಸೆಯಲ್ಲಿ ಬಿಳಿ ಇದೆ. ಒಳಗೆ ಕರೆದು ಕಾಫಿ ತರಿಸಿದ. ಮಳೆಯ ಮಾತಾಡಿದೆವು, ಮರಗಳಿಗೆ ಬಿದ್ದ ರೋಗದ ಮಾತಾಡಿದೆವು. ಹೊರಡುವಾಗ ಕೇಳಿದ.

"ಅದ್ನ ಇನ್ನೂ ಆಡ್ಸ್ತಾ ಇದ್ದೀಯೇನ್ಲಾ?"

"ಇಲ್ಲ. ಯಾವತ್ತೋ ನಿಂತೋಯ್ತು."

"ಒಳ್ಳೇದಾಯ್ತು ಬುಡು," ಅಂದ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಯಾರೋ ಹೊಸ ವ್ಯಾಪಾರಿ ಅವನ ಕಾಲು ನೋಡಿ ಏನಾಯಿತು ಎಂದು ಕೇಳಿದರು. ನಾನು ಲೋಟ ಕೆಳಗಿಟ್ಟೆ. ಅರ್ಧ ಗೇಣಿನ ಕಥೆ ಬರುತ್ತದೆಂದು ಕಾದೆ. "ಬಿದ್ದಿದ್ದೆ," ಅಂದ ಷಡಕ್ಷರಿ.

ಅಲ್ಲಿಂದ ಉಮಕ್ಕನ ಮನೆಗೆ ಹೋಗಿ ಟೇಪು ಕೇಳಿದೆ.

"ಈಗ್ಯಾಕೋ?" ಅಂದಳು. ಆಮೇಲೆ ಅವಳೇ ಡಿಕ್ಕಿ ತೆಗೆದು ಕೊಟ್ಟಳು. "ಏನಿದ್ರೂ ನಂಗೆ ಹೇಳ್ಬ್ಯಾಡ."

ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ನೆಲ ಮಾತ್ರ ನಾವು ಪಿಯುಸಿಗೆ ಸೇರಿದ ವರ್ಷದ್ದೇ. ಆಮೇಲೆ ಬಣ್ಣ ಬಳಿದದ್ದು ಬಿಟ್ಟರೆ ಯಾವ ಕೆಲಸವೂ ಆಗಿಲ್ಲವೆಂದು ಉಮಕ್ಕ ಹೇಳಿದ್ದಳು. ಕಂಬವನ್ನು ಹತ್ತಿರದಿಂದ ನೋಡಿದೆ. ಬೋರ್ಡು ಹಿಡಿದಿರುವ ಬೋಲ್ಟುಗಳ ಕೆಳಗೆ, ಅರ್ಧ ಗೇಣಿನಷ್ಟು ಅಂತರದಲ್ಲಿ, ಬಣ್ಣದಿಂದ ಮುಚ್ಚಿಹೋದ ಹಳೆಯ ತೂತುಗಳಿದ್ದವು. ನೆಲ ಎತ್ತರಿಸಿದಾಗಲೇ ಯಾರೋ ಬೋರ್ಡನ್ನೂ ಅಷ್ಟೇ ಮೇಲೇರಿಸಿ ಕೂರಿಸಿರಬೇಕು. ಅದು ನನ್ನ ಊಹೆ. ಪಕ್ಕದ ತೋಟದವರಿಂದ ಒಂದು ದೋಟಿ ಇಸಿದುಕೊಂಡು, ಟೇಪಿನ ತುದಿಯನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ರಿಂಗಿನ ಅಂಚಿಗೆ ಮುಟ್ಟಿಸಿದೆ. ಗಾಳಿಗೆ ಟೇಪು ಅಲುಗುತ್ತಿತ್ತು. ನಿಲ್ಲುವವರೆಗೆ ಕಾದು ಓದಿದೆ. ನಂಬಿಕೆ ಬರದೆ ಇನ್ನೊಂದು ಸಲ ಅಳೆದೆ.

ಅವತ್ತು ಅವನ ಕೈಯಲ್ಲಿ ದೋಟಿ ಇತ್ತೋ ಇಲ್ಲವೋ ಹೇಳಲಾರೆ. ಮಬ್ಬಿನಲ್ಲಿ ಕೂತವನು ಅವನೇ ಎಂದೂ ಹೇಳಲಾರೆ. ಹೇಳಬಲ್ಲದ್ದು ಒಂದೇ. ನೆಲದಿಂದ ರಿಂಗಿಗೆ ಹತ್ತು ಅಡಿ ಇದೆ.